ಕಾಂಡೋಮ್ ಇಲ್ಲದ ಒಂದು ರಾತ್ರಿ, ಆಮೇಲಿನ ದಿನಗಳ ಲೆಕ್ಕ

ಪ್ರಶ್ನೆ: ಹನ್ನೊಂದು ದಿನಗಳ ಹಿಂದೆ, ಹೆಚ್ಚು ಪರಿಚಯವಿಲ್ಲದ ಒಬ್ಬರೊಂದಿಗೆ ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕವಾಯಿತು. ನಿನ್ನೆಯಿಂದ ಗಂಟಲು ನೋಯುತ್ತಿದೆ, ನಿದ್ದೆ ಬರುತ್ತಿಲ್ಲ. ಈಗಲೇ ಎಚ್‌ಐವಿ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ? ಇಂಥ ದಿನಗಳನ್ನು ಕಳೆದವರು ದಯವಿಟ್ಟು ತಿಳಿಸಿ.

ಮೊದಲನೆಯ ಉತ್ತರ

ನಾನು ಒಂಬತ್ತನೆಯ ದಿನವೇ ಹೋಗಿ ರಕ್ತ ಕೊಟ್ಟು ಬಂದಿದ್ದೆ. ವರದಿ ನೆಗೆಟಿವ್ ಬಂತು, ಆದರೆ ನೆಮ್ಮದಿ ಒಂದು ಸಂಜೆಯಷ್ಟೇ ಉಳಿಯಿತು. ಸೋಂಕು ತಗುಲಿದ್ದರೂ ಪರೀಕ್ಷೆಯ ಕಣ್ಣಿಗೆ ಬೀಳದ ಆರಂಭದ ದಿನಗಳಿಗೆ ವಿಂಡೋ ಪೀರಿಯಡ್ ಎನ್ನುತ್ತಾರೆಂದೂ ನಾನಿನ್ನೂ ಅದರೊಳಗೇ ಇದ್ದೇನೆಂದೂ ವೈದ್ಯರು ಮರುದಿನ ವಿವರಿಸಿದರು. ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಮಾಡುವ, ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನೂ ವೈರಸ್ಸಿನದೇ ಭಾಗವಾದ ಪಿ24 ಪ್ರತಿಜನಕವನ್ನೂ ಒಟ್ಟಿಗೆ ಹುಡುಕುವ ನಾಲ್ಕನೆಯ ತಲೆಮಾರಿನ ಪರೀಕ್ಷೆಯು ಸಾಮಾನ್ಯವಾಗಿ 18ರಿಂದ 45 ದಿನಗಳೊಳಗೆ ಸೋಂಕನ್ನು ಗುರುತಿಸುತ್ತದೆ. ಪ್ರತಿಕಾಯವನ್ನಷ್ಟೇ ನೋಡುವ, ಬೆರಳ ತುದಿಯ ಹನಿ ರಕ್ತದ ಪರೀಕ್ಷೆಗೆ 90 ದಿನಗಳವರೆಗೂ ಬೇಕಾಗಬಹುದು. ಆದ್ದರಿಂದ ದಿನ ಗೊತ್ತುಮಾಡುವ ಮೊದಲು, ಅಲ್ಲಿ ಯಾವ ಬಗೆಯ ಪರೀಕ್ಷೆ ಮಾಡುತ್ತಾರೆಂದು ಕೇಳಿಕೊಳ್ಳಿ.

ಸಂಪರ್ಕವಾದ 72 ಗಂಟೆಗಳೊಳಗೆ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಆರಂಭಿಸಿ 28 ದಿನ ಸೇವಿಸಬೇಕಾದ ಪೆಪ್ ಎಂಬ ತಡೆ ಚಿಕಿತ್ಸೆಯೊಂದಿದೆ. ನಿಮಗೆ ಆ ಗಡುವು ಮುಗಿದಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನೆಯಷ್ಟೇ ಹೀಗಾದ ಇನ್ನೊಬ್ಬರು ಇದನ್ನು ಓದುತ್ತಿರಬಹುದು.

ಇನ್ನು ಗಂಟಲು ನೋವಿನ ವಿಚಾರ. ಎಚ್‌ಐವಿಯ ಆರಂಭದ ಜ್ವರ, ಗಂಟಲು ನೋವು, ಗುಳ್ಳೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ನಡುವೆ ಬರುತ್ತವೆ, ಕೆಲವರಿಗೆ ಬರುವುದೇ ಇಲ್ಲ. ಬಂದರೂ ಸಾಧಾರಣ ಶೀತಜ್ವರದಿಂದ ಅವನ್ನು ಬೇರ್ಪಡಿಸಲಾಗದು. ನಾನಂತೂ ದಿನಕ್ಕೆ ಆರು ಬಾರಿ ಜ್ವರ ನೋಡಿಕೊಳ್ಳುತ್ತಿದ್ದೆ, ಗಂಟು ಇದೆಯೇ ಎಂದು ಕುತ್ತಿಗೆಯನ್ನು ಒತ್ತಿ ಒತ್ತಿ, ಕೊನೆಗೆ ಒತ್ತಿದ್ದರಿಂದಲೇ ಅಲ್ಲಿ ನೋವು ಬರಿಸಿಕೊಂಡಿದ್ದೆ.

ನಲವತ್ತೈದು ದಿನ ಕಳೆದ ಮೇಲೆ ಮಾಡಿಸಿದ ಪ್ರಯೋಗಾಲಯದ ಪರೀಕ್ಷೆಯೂ ನೆಗೆಟಿವ್ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಇನ್ನೂ ಮೂರು ಬಾರಿ ಮಾಡಿಸಿದೆ. ಕೊನೆಯ ಬಾರಿ ಆಪ್ತಸಮಾಲೋಚಕಿಯೊಬ್ಬರು ವರದಿಯನ್ನು ಪಕ್ಕಕ್ಕಿಟ್ಟು, ಆ ರಾತ್ರಿಯ ಬಗ್ಗೆ ನಿಮ್ಮ ಮೇಲೆ ನಿಮಗೇ ಇಷ್ಟು ಸಿಟ್ಟೇಕೆ ಎಂದು ಕೇಳಿದರು. ಮುಂದಿನ ಕೆಲವು ಭೇಟಿಗಳಲ್ಲಿ ನಾವು ವೈರಸ್ಸಿನ ಮಾತನ್ನೇ ಆಡಲಿಲ್ಲ.

ಎರಡನೆಯ ಉತ್ತರ

ಎಚ್‌ಐವಿಯ ಭಯದಲ್ಲಿ ನಾನು ಉಳಿದದ್ದನ್ನೆಲ್ಲ ಮರೆತಿದ್ದೆ. ವೈದ್ಯರು ತಾವಾಗಿಯೇ ಮೂತ್ರದ ಪರೀಕ್ಷೆಯನ್ನೂ ಬರೆದುಕೊಟ್ಟಿದ್ದರಿಂದ, ಉರಿ, ಸ್ರಾವ ಯಾವುದೂ ಇಲ್ಲದ ನನ್ನಲ್ಲಿ ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕು ಇರುವುದು ತಿಳಿಯಿತು. ಏಳು ದಿನಗಳ ಡಾಕ್ಸಿಸೈಕ್ಲಿನ್‌ನಲ್ಲಿ ಅದು ವಾಸಿಯಾಯಿತು; ಮಾತ್ರೆಗಿಂತ ಕಷ್ಟವಾದದ್ದು ಆ ವ್ಯಕ್ತಿಗೆ ವಿಷಯ ತಿಳಿಸಿ, ಅವರೂ ಪರೀಕ್ಷೆ ಮಾಡಿಸಿಕೊಳ್ಳುವಂತೆ ಹೇಳುವುದು. ನಾನು ಎರಡು ಸಾಲಿನ ಸಂದೇಶ ಕಳುಹಿಸಿದೆ, ಅವರು ಧನ್ಯವಾದ ಹೇಳಿದರು, ಅಷ್ಟೇ.

ಕ್ಲಮೈಡಿಯಾ ಮತ್ತು ಗೊನೊರಿಯಾಗಳಿಗೆ ಎರಡು ವಾರ ಕಳೆದ ಮೇಲೆ ಪರೀಕ್ಷಿಸಿದರೆ ಫಲಿತಾಂಶವನ್ನು ನಂಬಬಹುದು, ಅಂದರೆ ನಿಮಗೆ ಇನ್ನು ಮೂರೇ ದಿನ. ಬಾಯಿ ಅಥವಾ ಗುದದ ಮೂಲಕವೂ ಸಂಪರ್ಕವಾಗಿದ್ದರೆ ಸಂಕೋಚಪಡದೆ ತಿಳಿಸಿ, ಏಕೆಂದರೆ ಆ ಭಾಗಗಳಿಂದ ಪ್ರತ್ಯೇಕವಾಗಿ ಮಾದರಿ ತೆಗೆಯಬೇಕಾಗುತ್ತದೆ. ಸಿಫಿಲಿಸ್ ರಕ್ತದಲ್ಲಿ ಕಾಣಿಸಿಕೊಳ್ಳಲು ಮೂರು ತಿಂಗಳವರೆಗೂ ಹಿಡಿಯಬಹುದು. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಎಲ್ಲ ಪರೀಕ್ಷೆಗಳ ಫಲಿತಾಂಶ ಬರುವವರೆಗೆ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ.

ಮೂರನೆಯ ಉತ್ತರ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಪಾಸಿಟಿವ್ ಬಂದರೆ ಏನು ಎಂಬುದನ್ನು ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನನಗೆ ಪಾಸಿಟಿವ್ ಬಂದು ಎಂಟು ವರ್ಷಗಳಾದವು. ದಿನಕ್ಕೊಂದು ಮಾತ್ರೆ ನುಂಗುತ್ತೇನೆ. ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ, ಆ ಮಟ್ಟದಲ್ಲೇ ಉಳಿದಿದೆ, ಮತ್ತು ಹಾಗಿರುವವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ನನ್ನ ಪತಿಯ ವರದಿ ಈ ವರ್ಷವೂ ನೆಗೆಟಿವ್. ಪರೀಕ್ಷೆಗೆ ಹೋಗುವಾಗ ಜೊತೆಗೆ ಯಾರೂ ಇಲ್ಲವೆನಿಸಿದರೆ ಹಿಂದಿನ ರಾತ್ರಿ ಇಲ್ಲಿ ಎರಡು ಸಾಲು ಬರೆಯಿರಿ, ನಾನು ಎಚ್ಚರವಾಗಿರುತ್ತೇನೆ.