ಮೊದಲು ಕಿಕ್, ಆಮೇಲೆ ಕತ್ತರಿ

ಎಪ್ಪತ್ತರ ದಶಕದ 125 ಸಿಸಿ ಬೈಕು ಗೆಳೆಯನ ಮನೆಗೆ ಬಂದು ಇನ್ನೂ ಒಮ್ಮೆಯೂ ಗುರ್ ಎಂದಿರಲಿಲ್ಲ. ಆಗಲೇ ಅದರ ಚಾಸಿಯ ಹಿಂಭಾಗದ ಮೇಲೆ ಸೀಮೆಸುಣ್ಣದ ಗೆರೆ ಬಿದ್ದಿತ್ತು.

“ಇಲ್ಲಿಂದ ಹಿಂದಕ್ಕೆ ಕತ್ತರಿಸಿಬಿಡುತ್ತೇನೆ. ಕೆಫೆ ರೇಸರ್!” ಎಂದ ಬೈಕಿನ ಯಜಮಾನ. ಬೇಡದ್ದನ್ನೆಲ್ಲ ಕಳಚಿ ವೇಗಕ್ಕೆಂದೇ ಹಗುರ ಮಾಡಿದ ಬೈಕಿಗೆ ಆ ಹೆಸರು.

“ಧಾರಾಳವಾಗಿ ಕತ್ತರಿಸು. ಷಾಕ್ ಅಬ್ಸಾರ್ಬರಿನ ಮೇಲ್ತುದಿಯನ್ನು ಆಮೇಲೆ ಆಕಾಶಕ್ಕೆ ಬಿಗಿಯೋಣ,” ಎಂದರು ಮೇಷ್ಟ್ರು. ಅವರು ಪಾಠ ಹೇಳುವವರಲ್ಲ, ಎಲ್ಲರ ತಪ್ಪು ತಿದ್ದಿ ತಿದ್ದಿ ಗಳಿಸಿದ ಹೆಸರು ಅದು. ಬಗ್ಗಿ ನೋಡಿದರೆ ಗೆರೆ ನಿಜವಾಗಿಯೂ ಷಾಕ್ ಅಬ್ಸಾರ್ಬರ್ ಸಿಕ್ಕಿಸುವ ಜಾಗಕ್ಕಿಂತ ಮುಂದೆಯೇ ಇತ್ತು.

ಯಜಮಾನ ಇತಿಹಾಸದ ಮೊರೆಹೋದ. “ಅರವತ್ತರ ದಶಕದಲ್ಲಿ ಲಂಡನ್ನಿನ ಏಸ್ ಕೆಫೆಯ ಹುಡುಗರು ಬೇಡದ್ದನ್ನೆಲ್ಲ ಕಿತ್ತೆಸೆಯಲಿಲ್ಲವೇ?”

“ಅವರಿಗೆ ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ವೇಗ ಮುಟ್ಟಬೇಕಿತ್ತು. ಭಾರ ಇಳಿಸಿದರು. ನಿನ್ನದು ಇಳಿಜಾರಿನಲ್ಲಿ, ಗಾಳಿಯೂ ಬೆನ್ನಿಗಿದ್ದರೆ, 100 ಕಿಲೋಮೀಟರ್ ಮುಟ್ಟೀತು. ಇನ್ನು ಭಾರ ಇಳಿಸಬೇಕಾದದ್ದು ಬೈಕಿನದೇ ಎಂದೇನೂ ಇಲ್ಲ.” ಮೇಷ್ಟ್ರ ಕಣ್ಣು ಯಜಮಾನನ ಹೊಟ್ಟೆಯ ಮೇಲೆ ನಿಂತಿತು.

ನಮ್ಮ ಗುಂಪಿನ ಮೂರನೆಯವನಿಗೆ ಎಲ್ಲ ರೋಗಕ್ಕೂ ಒಂದೇ ಮದ್ದು: ಗಾಳಿ. “ಏರ್ ಫಿಲ್ಟರ್ ಡಬ್ಬಿ ತೆಗೆದು, ಡಬ್ಬಿಯಿಲ್ಲದ ಬರೀ ಫಿಲ್ಟರ್ ಸಿಕ್ಕಿಸಿ, ಸೈಲೆನ್ಸರಿನ ಹೊಟ್ಟೆಯನ್ನೂ ಖಾಲಿ ಮಾಡು. ಎಂಜಿನ್ ಉಸಿರಾಡಲಿ.”

“ಗಾಳಿ ಹೆಚ್ಚಾಯಿತು, ಪೆಟ್ರೋಲ್ ಹೆಚ್ಚು ಮಾಡುವವರು ಯಾರು? ಮಿಶ್ರಣ ತೆಳುವಾದರೆ ಎಂಜಿನ್ ಕಾದು ಪಿಸ್ಟನ್ ಹೋಗುತ್ತದೆ. ಹೊಸ ಫಿಲ್ಟರಿಗೆ ತಕ್ಕ ದೊಡ್ಡ ಮೇನ್ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತಿನ ತುಣುಕು, ಹುಡುಕಿಕೊಂಡು ಆಮೇಲೆ ಮಾತಾಡು.”

“ನನ್ನ ಟೂ-ಸ್ಟ್ರೋಕಿಗಾದರೂ ಸೈಲೆನ್ಸರ್ ಕತ್ತರಿಸಬಹುದಲ್ಲ?” ಎಂದ ಮೂರನೆಯವನು.

ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಟೂ-ಸ್ಟ್ರೋಕಿನ ಕೊಳವೆ ಉಬ್ಬಿ ಮತ್ತೆ ಕಿರಿದಾಗುವುದು ಅಂದಕ್ಕಲ್ಲ. ಹೊಗೆಯ ಜೊತೆ ಹೊರಗೆ ಓಡಿಹೋಗುವ ಹೊಸ ಮಿಶ್ರಣವನ್ನು ಅಲ್ಲಿಂದ ಹಿಂದಿರುಗುವ ಒತ್ತಡದ ಅಲೆ ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಅದನ್ನು ಕತ್ತರಿಸಿದವನಿಗೆ ದಕ್ಕುವುದು ಸದ್ದು ಮಾತ್ರ. ಬೀದಿಗೆಲ್ಲ ಕೇಳುತ್ತದೆ, ಬೈಕು ಮಾತ್ರ ಏರು ಹತ್ತುವುದಿಲ್ಲ.

ಕೊನೆಗೂ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚುವುದೆಂದು ತೀರ್ಮಾನವಾಯಿತು. ತಳದ ಬಟ್ಟಲಿನ ಮೊದಲ ಸ್ಕ್ರೂವಿನ ತಲೆಯನ್ನು ಯಜಮಾನ ಕ್ಷಣಮಾತ್ರದಲ್ಲಿ ಬೋಳಿಸಿಬಿಟ್ಟ. ಹಳೆಯ ಜಪಾನಿ ಬೈಕಿನ ಸ್ಕ್ರೂ ತಲೆಯಲ್ಲಿ ಕಾಣುವುದು ಅದೇ ಕೂಡುಗುರುತು, ಆದರೆ ಅಳತೆ ಜಪಾನಿನದು. ನಮ್ಮ ಸ್ಕ್ರೂಡ್ರೈವರಿನ ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಬಲ ಹಾಕಿದಷ್ಟೂ ಮೇಲಕ್ಕೆ ಜಾರುತ್ತದೆ. ಜಪಾನಿ ಅಳತೆಯ ಜೆಐಎಸ್ ತುದಿ ತಂದ ಮೇಲೆ ಉಳಿದ ಸ್ಕ್ರೂಗಳು ತಕರಾರಿಲ್ಲದೆ ತಿರುಗಿದವು. ಬೋಳು ತಲೆಯದು ಮಾತ್ರ ಕಟ್ಟಿಂಗ್ ಪ್ಲೇಯರಿನ ಹಿಡಿತಕ್ಕೆ ಸಿಕ್ಕಿ ಕಿರುಗುಟ್ಟುತ್ತ ಬಂತು.

ಒಳಗೆ ಹಳೆಯ ಪೆಟ್ರೋಲ್ ಅರಗಿನಂತೆ ಗಟ್ಟಿಯಾಗಿ ಕುಳಿತಿತ್ತು. ಎಂಜಿನ್ ನಿಧಾನಗತಿಯಲ್ಲಿ ಓಡಲು ಬೇಕಾದ ಸ್ಲೋ ಜೆಟ್ಟನ್ನು ಬೆಳಕಿಗೆ ಹಿಡಿದರೆ ಅತ್ತ ಕಡೆ ಕತ್ತಲೆ. ಅರ್ಧ ಮಿಲಿಮೀಟರಿಗಿಂತ ಸಣ್ಣ ತೂತು ಅದು.

“ತಂತಿ ಎಲ್ಲಿ?” ಎಂದ ಯಜಮಾನ.

“ಹಿತ್ತಾಳೆ ಮೆತ್ತಗಿನ ಲೋಹ. ತಂತಿ ತುರುಕಿದರೆ ತೂತಿನ ಅಳತೆಯೇ ಕೆಡುತ್ತದೆ. ಕ್ಲೀನರಿನಲ್ಲಿ ನೆನೆಹಾಕು, ಆಮೇಲೆ ಗಾಳಿ ಊದು.”

“ನೋಡಿದಿರಾ, ಗಾಳಿ!” ಎಂದು ಮೂರನೆಯವನು ಬೀಗಿದ.

ನನ್ನ ಮಟ್ಟಿಗೆ ಹೇಳುವುದಾದರೆ, ಇಂಥ ಕೆಲಸಕ್ಕೆ ಇಳಿದವರ ಲೋಹ ಕತ್ತರಿಸುವ ಗ್ರೈಂಡರನ್ನು ಎಂಜಿನ್ ಚಾಲೂ ಆಗುವವರೆಗೆ ನೆಂಟರ ಮನೆಯಲ್ಲಿ ಇಡಿಸಬೇಕು. ಓಡದ ಬೈಕನ್ನು ಕತ್ತರಿಸಿದರೆ ಅದು ಕೊನೆಗೆ ಗುಜರಿಯವನ ತಕ್ಕಡಿಯಲ್ಲಿಯೇ ರೇಸಿಗಿಳಿಯುತ್ತದೆ.

ಜೆಟ್ಟು ತೆರೆಯಿತು. ಕಿಡಿ ಹಾರುವ ಹೊತ್ತನ್ನು ನಿರ್ಧರಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಅಂತರವನ್ನು 0.3ರಿಂದ 0.4 ಮಿಲಿಮೀಟರಿನ ನಡುವೆ ಹೊಂದಿಸಿದೆವು. ಕಿಕ್ಕರ್ ತುಳಿದು ತುಳಿದು ಯಜಮಾನನ ಮೊಣಕಾಲು ಸೋಲುವ ಹೊತ್ತಿಗೆ ಎಂಜಿನ್ ಕೆಮ್ಮಿ, ಸೀನಿ, ನಿಂತಲ್ಲೇ ನಡುಗುತ್ತ ಓಡತೊಡಗಿತು.

ಮುಂದಿನ ಜಗಳ ಸೀಟಿನದು. “ಒಂಟಿ ಸೀಟು, ಹಿಂದೆ ಸಣ್ಣ ಗೂನು,” ಎಂದ ಯಜಮಾನ.

“ಕೊಳೆ ತೊಳೆಯುವುದಕ್ಕೆ ನಾವು ಬೇಕು, ಸವಾರಿಗೆ ಬೇಡವೇ?” ಎಂದು ಮೂರನೆಯವನು ಎದ್ದು ನಿಂತ.

ಒಂಟಿ ಸೀಟಿನ ಪ್ರಸ್ತಾಪ ಒಂದಕ್ಕೆ ಮೂರು ಮತಗಳಿಂದ ಬಿದ್ದುಹೋಯಿತು.