ತೊಟ್ಟಿಯ ಮೇಫ್ಲೈ ಮರಿಗಳು ಸಾಯ್ತಿವೆ, ತಾಮ್ರದ ಕಿಟ್ ಸೊನ್ನೆ ತೋರಿಸ್ತಿದೆ

ಹೊಳೆಬದಿ: ನಮ್ಮದು ತೀರ್ಥಹಳ್ಳಿ ಕಡೆ. ಹಳ್ಳದ ಕಲ್ಲು, ನೀರು, ಮೇಫ್ಲೈ ಮರಿ (ನೀರಲ್ಲೇ ಬೆಳೆಯುವ ಒಂದು ಕೀಟದ ಮರಿ) ತಂದು ತೊಟ್ಟಿಯಲ್ಲಿ ಸಾಕುತ್ತೇನೆ. ಮೇಲಿನ ಅಡಿಕೆ ತೋಟಕ್ಕೆ ಕೊಳೆ ರೋಗದ ಬೋರ್ಡೋ (ತಾಮ್ರದ ಮೈಲುತುತ್ತ, ಸುಣ್ಣ ಸೇರಿಸಿದ ದ್ರಾವಣ) ಹೊಡೆದ ಮೇಲೆ ತಂದ ಮರಿಗಳು ಒಂದೊಂದಾಗಿ ಸಾಯುತ್ತಿವೆ. ಏರ್ ಪಂಪ್ ಓಡುತ್ತಿದೆ, ನೀರು ತಣ್ಣಗಿದೆ, ಅಮೋನಿಯಾ ಇಲ್ಲ. ಅದೇ ತೊಟ್ಟಿಯ ಕೆಂಪು ಹುಳುಗಳು ಮಾತ್ರ ಆರಾಮಾಗಿವೆ. ಕಿಟ್‌ನಲ್ಲಿ ತಾಮ್ರ ಸೊನ್ನೆ. ಏನಿರಬಹುದು?

ಕೆರೆದಡ: ಜಿಎಚ್ (ನೀರಿನ ಗಡಸುತನ), ಪಿಎಚ್ ಎಷ್ಟಿದೆ ಹೇಳಿ.

ಹೊಳೆಬದಿ: ಜಿಎಚ್ 1, ಪಿಎಚ್ 6.5.

ಕೆರೆದಡ: ನನ್ನ ಅನುಮಾನ ತಾಮ್ರದ ಮೇಲೇ. ಎಷ್ಟೋ ಅಕ್ವೇರಿಯಂ ಕಿಟ್‌ಗಳ ಮೊದಲ ಗೆರೆ ಲೀಟರಿಗೆ 0.25 ಮಿಲಿಗ್ರಾಂ, ಅಂದರೆ 250 ಮೈಕ್ರೋಗ್ರಾಂ. ಅದಕ್ಕಿಂತ ಕೆಳಗಿದ್ದರೆ ಅದಕ್ಕೆ ಕಾಣಿಸುವುದೇ ಇಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಗಡಸುತನದ ಮೇಲೆ ಮಾಡಿದ ಹಳೆಯ ಸೂತ್ರದಲ್ಲಿ, ಗಡಸುತನ ಲೀಟರಿಗೆ 100 ಮಿಲಿಗ್ರಾಂ ಇದ್ದರೆ ಜಲಜೀವಿಗಳಿಗೆ ತಾಮ್ರದ ಅಲ್ಪಾವಧಿಯ ಮಿತಿ ಲೀಟರಿಗೆ ಸುಮಾರು 13 ಮೈಕ್ರೋಗ್ರಾಂ. ನಿಮ್ಮ ಜಿಎಚ್ 1 ಅಂದರೆ ಗಡಸುತನ ಸುಮಾರು 18, ಅಲ್ಲಿ ಮಿತಿ 3ಕ್ಕಿಂತಲೂ ಕೆಳಗೆ ಇಳಿಯುತ್ತದೆ.

ಕಾರಣ ಇಷ್ಟೇ: ನೀರಿನಲ್ಲಿ ಬಿಡಿಯಾಗಿ ತಿರುಗುವ ತಾಮ್ರದ ಅಯಾನು ಕಿವಿರಿಗೆ ಅಂಟಿಕೊಂಡು ಉಪ್ಪಿನಂಶ ಹಿಡಿದಿಡುವ ಕೆಲಸವನ್ನೇ ಕೆಡಿಸುತ್ತದೆ, ಗಡಸು ನೀರಾದರೆ ಕ್ಯಾಲ್ಸಿಯಂ ಆ ಜಾಗಕ್ಕೆ ಪೈಪೋಟಿ ಮಾಡುತ್ತದೆ, ನಿಮ್ಮ ನೀರಲ್ಲಿ ಅದು ಇಲ್ಲವೇ ಇಲ್ಲ. ಪಿಎಚ್ ಕಡಿಮೆಯಾದಷ್ಟೂ ಬಿಡಿ ತಾಮ್ರದ ಪಾಲು ಜಾಸ್ತಿ. ಕೊಳೆತ ಎಲೆಯಿಂದ ಬರುವ ಕಂದು ಬಣ್ಣದ ಸಾವಯವ ಅಂಶ ಮಾತ್ರ ತಾಮ್ರವನ್ನು ಕಟ್ಟಿಹಾಕುತ್ತದೆ. ಇಪಿಎ 2007ರಲ್ಲಿ ತಾಮ್ರದ ಮಿತಿಗೆ ಇದನ್ನೆಲ್ಲಾ ಲೆಕ್ಕಕ್ಕೆ ತಗೊಂಡಿತು. ಕೆಂಪು ಹುಳು ಸಾಮಾನ್ಯವಾಗಿ ಲೋಹ ತಡೆದುಕೊಳ್ಳುತ್ತದೆ, ಹಾಗಾಗಿ ಅದು ಬದುಕಿದೆ ಅಂತ ನೀರು ಚೆನ್ನಾಗಿದೆ ಅನ್ನಬೇಡಿ.

ಹೊಳೆಬದಿ: ಹಾಗಾದ್ರೆ ಚೂರು ಸುಣ್ಣ ಹಾಕಲಾ ಸರ್?

ಕೆರೆದಡ: ದಯವಿಟ್ಟು ಬೇಡ. ಪಿಎಚ್ ಒಮ್ಮೆಲೇ ಏರುತ್ತದೆ, ಮೆದು ನೀರಿನ ಹುಳುಗಳಿಗೆ ಅದೇ ಹೊಡೆತ. ತೋಟದ ಮೇಲ್ಭಾಗದ ಹಳ್ಳದಿಂದ, ಎಲೆ ಕೊಳೆತ ಕಡೆಯಿಂದ ನೀರು ತನ್ನಿ. ಹಿತ್ತಾಳೆ ವಾಲ್ವ್ ಇದ್ದರೆ ತೆಗೆಯಿರಿ, ಹಿತ್ತಾಳೆಯಲ್ಲೂ ತಾಮ್ರ ಇರುತ್ತದೆ. ಕಲ್ಲುಗಳನ್ನೂ ಬದಲಾಯಿಸಿ, ಇದು ಮುಖ್ಯ. ಕಲ್ಲಿನ ಪಾಚಿ ಲೋಹವನ್ನು ಹೀರಿಟ್ಟುಕೊಳ್ಳುತ್ತದೆ, ಮೇಫ್ಲೈ ಮರಿ ಅದನ್ನೇ ಕೆರೆದು ತಿನ್ನುತ್ತದೆ. ವಿಷ ಎಷ್ಟೆಂದು ತಿಳಿಯಲು ಲ್ಯಾಬಿನಲ್ಲಿ ಮಾಡುವ 96 ಗಂಟೆಯ ಪರೀಕ್ಷೆಗಳಲ್ಲಿ, ತಿನ್ನುವುದರಿಂದ ಒಳಹೋಗುವ ಈ ದಾರಿ ಸಾಮಾನ್ಯವಾಗಿ ಕಾಣುವುದಿಲ್ಲ. ಖಚಿತವಾಗಿ ಗೊತ್ತಾಗಬೇಕಿದ್ದರೆ, ಲೋಹ ತಾಗದ ಬಾಟಲಿಯಲ್ಲಿ ಈಗಿನ ನೀರನ್ನು ತುಂಬಿ ಲ್ಯಾಬಿಗೆ ಕೊಡಿ, ಮೈಕ್ರೋಗ್ರಾಂ ಮಟ್ಟದಲ್ಲಿ ಅಳೆಯುತ್ತಾರಾ ಅಂತ ಮೊದಲೇ ಕೇಳಿ.