ಮಹಾಲಯ ಅಮಾವಾಸ್ಯೆಗೆ ಹಾನ್ಲೆ: ಬಲ್ಲವರು ತಿಳಿಸಿ

ಪ್ರಶ್ನೆ: ಮೈಸೂರಿನಿಂದ ನಾಲ್ಕು ಜನ ನಕ್ಷತ್ರ ನೋಡಲೆಂದೇ ಲಡಾಖಿನ ಹಾನ್ಲೆಗೆ ಹೊರಟಿದ್ದೇವೆ. ಮಹಾಲಯ ಅಮಾವಾಸ್ಯೆಯ ಆಸುಪಾಸು. 62 ವರ್ಷದ ಅಮ್ಮನೂ ಬರುತ್ತಾರೆ. ಎಷ್ಟು ದಿನ ಬೇಕು? ಮನೆಯಲ್ಲಿರುವ 6 ಇಂಚಿನ ಟೆಲಿಸ್ಕೋಪ್ ತರಬೇಕೇ? ಏನೇನು ನೋಡಬಹುದು?

ಉತ್ತರ: ಮೊದಲು ಎತ್ತರದ ಲೆಕ್ಕ ಹಾಕಿ, ಆಕಾಶದ್ದು ಆಮೇಲೆ. ಲೇಹ್ 3,500 ಮೀಟರ್, ಹಾನ್ಲೆ ಸುಮಾರು 4,300. ವಿಮಾನದಲ್ಲಿ ಇಳಿದ ಮರುದಿನವೇ ಹಾನ್ಲೆಗೆ ಹೊರಟವರು ರಾತ್ರಿಯಿಡೀ ತಲೆ ಹಿಡಿದುಕೊಂಡು ಮಲಗಿರುತ್ತಾರೆ. ಲೇಹ್‌ನಲ್ಲಿ ಮೂರು ರಾತ್ರಿ, ದಾರಿಯಲ್ಲಿ ಚುಮಾಥಾಂಗ್ ಕಡೆ ಒಂದು, ಹಾನ್ಲೆಯಲ್ಲಿ ಕನಿಷ್ಠ ಎರಡು ರಾತ್ರಿ ಇಡಿ. ಒಂದು ರಾತ್ರಿ ಮೋಡ ಕವಿದರೂ ಇನ್ನೊಂದು ಉಳಿಯುತ್ತದೆ. ನಿಮ್ಮ ತಾಯಿಯವರ ಬಿಪಿ, ಹೃದಯದ ತಪಾಸಣೆ ಮೈಸೂರಿನಲ್ಲೇ ಮಾಡಿಸಿ, ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ; ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ವಾಂತಿ, ತೂರಾಟ, ಕೂತಲ್ಲೇ ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಕೆಳಗಿಳಿಯಿರಿ. 5,800 ಮೀಟರಿನ ಆಸುಪಾಸಿನ ಉಮ್ಲಿಂಗ್ ಲಾ ಎಂಬ ಬೆಟ್ಟದ ದಾರಿಯನ್ನು ಈ ಪ್ರವಾಸಕ್ಕೆ ಸೇರಿಸದಿದ್ದರೆ ಒಳ್ಳೆಯದು.

ಆಮ್ಲಜನಕಕ್ಕೂ ಕಣ್ಣಿಗೂ ನೇರ ಸಂಬಂಧವಿದೆ. ಮಂದ ಬೆಳಕನ್ನು ಹಿಡಿಯುವ ಕೋಶಗಳಿಗೆ ಆಮ್ಲಜನಕ ಬಹಳ ಬೇಕು. ಅದು ಕಡಿಮೆಯಾದಾಗ ಮಸುಕಾದ ನಕ್ಷತ್ರಗಳೇ ಮೊದಲು ಮರೆಯಾಗುತ್ತವೆ. ಮೈ ಒಗ್ಗದವರಿಗೆ, ಸಿಗರೇಟು ಸೇದುವವರಿಗೆ ಅದೇ ಆಕಾಶ ಮಂಕಾಗಿ ಕಾಣುತ್ತದೆ.

ಮತ್ತೊಬ್ಬರು: ಸಮಯ ಚೆನ್ನಾಗಿ ಆರಿಸಿದ್ದೀರಿ. ಸೂರ್ಯ ಮುಳುಗುವುದು ಸುಮಾರು 6ಕ್ಕೆ, ಪೂರ್ತಿ ಕತ್ತಲಾಗುವುದು 7.30ಕ್ಕೆ. ಆಕಾಶಗಂಗೆಯ ಕೇಂದ್ರ ಭಾಗ, ಧನು ರಾಶಿಯ ಕಡೆಯದ್ದು, ಆಗ ನೈರುತ್ಯದಲ್ಲಿ 20 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತದೆ, 9.30ರೊಳಗೆ ಬೆಟ್ಟದ ಹಿಂದೆ ಹೋಗುತ್ತದೆ. ಊಟ ಮುಗಿಸಿ ನಿಧಾನವಾಗಿ ಬಂದವರಿಗೆ ಅದು ಸಿಗುವುದಿಲ್ಲ. ಊಟ ಆಮೇಲಿರಲಿ.

ನಡುರಾತ್ರಿಯ ಹೊತ್ತಿಗೆ ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿ ಹೆಚ್ಚುಕಮ್ಮಿ ನೆತ್ತಿಯ ಮೇಲೆ. ಬರಿಗಣ್ಣಿಗೇ ಉದ್ದನೆಯ ಮಬ್ಬು ಪಟ್ಟಿಯಾಗಿ ಕಾಣುತ್ತದೆ. ಅದರ ಕೆಳಗಿನ ಎಂ33 ಎಂಬ ಇನ್ನೊಂದು ಗೆಲಾಕ್ಸಿ ಕೂಡ ಬರಿಗಣ್ಣಿಗೆ ಕಂಡರೆ ನಿಮ್ಮ ಕಣ್ಣೂ ಆಕಾಶವೂ ಚೆನ್ನಾಗಿವೆ ಎಂದರ್ಥ. ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಬೇಕು. ಇಷ್ಟಾದ ಮೇಲೆ ಮಲಗಿ, 3.30ಕ್ಕೆ ಅಲಾರಂ ಇಟ್ಟು ಏಳಿ. ಪೂರ್ವ ದಿಗಂತದಿಂದ ಓರೆಯಾಗಿ ಮೇಲೇಳುವ ಮಬ್ಬು ಬೆಳಕಿನ ಗೋಪುರ ಕಾಣುತ್ತದೆ. ಅದು ಜೋಡಿಯಾಕಲ್ ಲೈಟ್, ಗ್ರಹಗಳ ನಡುವಿನ ಧೂಳಿನ ಮೇಲೆ ಬಿದ್ದ ಬಿಸಿಲು. ಊರ ಅಂಚಿನ ಬೆಳಕಿನ ಹಾಗಿರುವುದರಿಂದ ಬಹಳ ಜನ ಅದನ್ನು ಗಮನಿಸುವುದೇ ಇಲ್ಲ.

ಒಂದು ಎಚ್ಚರಿಕೆ. ಅಷ್ಟು ಕತ್ತಲಲ್ಲಿ ಸಣ್ಣ ನಕ್ಷತ್ರಗಳೇ ತುಂಬಿಕೊಂಡು ಪರಿಚಯದ ಆಕಾರಗಳು ಕಳೆದುಹೋಗುತ್ತವೆ. ಕುಂತಿ (ಕ್ಯಾಸಿಯೋಪಿಯಾ), ಶ್ರವಣ (ಆಲ್ಟೇರ್), ಕೃತ್ತಿಕೆಯನ್ನು ಮೈಸೂರಿನಲ್ಲೇ ಗುರುತಿಸಿ ಅಭ್ಯಾಸ ಮಾಡಿ. ಹಾನ್ಲೆಯಲ್ಲಿ ಮುಸ್ಸಂಜೆಯಲ್ಲಿ, ದೊಡ್ಡ ನಕ್ಷತ್ರಗಳು ಮಾತ್ರ ಇರುವಾಗಲೇ ದಿಕ್ಕು ಹಿಡಿಯಿರಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಅಗಸ್ತ್ಯ ನಕ್ಷತ್ರ (ಕೆನೋಪಸ್) ಅಲ್ಲಿಂದ ಇನ್ನೂ ಚೆನ್ನಾಗಿ ಕಾಣುವುದಲ್ಲವೇ?

ಉತ್ತರ: ಇಲ್ಲ. ಅಗಸ್ತ್ಯ ಅಲ್ಲಿ ಏರುವುದೇ ಹೆಚ್ಚೆಂದರೆ 5 ಡಿಗ್ರಿ, ಸುತ್ತಲಿನ ಬೆಟ್ಟ ಅದನ್ನು ನುಂಗುತ್ತದೆ. ಬೆಂಗಳೂರಿನಿಂದ 24 ಡಿಗ್ರಿ ಏರುತ್ತದೆ. ಆಕಾಶಗಂಗೆಯ ಕೇಂದ್ರಕ್ಕೂ ಇದೇ ಮಾತು: ಅಲ್ಲಿ ಗರಿಷ್ಠ 28, ಇಲ್ಲಿ 48. ತ್ರಿಶಂಕು (ಸದರ್ನ್ ಕ್ರಾಸ್) ಅಲ್ಲಿ ಕಾಣುವುದೇ ಇಲ್ಲ. ದಕ್ಷಿಣದ ಆಕಾಶವನ್ನು ನಮ್ಮ ಘಟ್ಟದ ಕತ್ತಲೆಯಲ್ಲೇ ನೋಡಿ. ಹಾನ್ಲೆಯಲ್ಲಿ ಉತ್ತರದ್ದನ್ನೂ ಮಸುಕಾದದ್ದನ್ನೂ ಹುಡುಕಿ. ಧ್ರುವ 33 ಡಿಗ್ರಿ ಎತ್ತರದಲ್ಲಿ ಇರುವುದರಿಂದ ಟ್ರ್ಯಾಕರ್ (ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಸಾಧನ) ಹೊಂದಿಸುವುದೂ ಸುಲಭ.

ಸಲಕರಣೆ ಬಗ್ಗೆ: ಟೆಲಿಸ್ಕೋಪ್ ಮನೆಯಲ್ಲೇ ಇರಲಿ. 2022ರಲ್ಲಿ ಹಾನ್ಲೆ ಡಾರ್ಕ್ ಸ್ಕೈ ರಿಸರ್ವ್ (ರಾತ್ರಿಯ ಕತ್ತಲೆ ಕಾಪಾಡುವ ಪ್ರದೇಶ) ಆದ ಮೇಲೆ ಆ ಊರುಗಳ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಟೆಲಿಸ್ಕೋಪ್ ಒದಗಿಸಲಾಗಿದೆ. ಅವರ ಬಳಿ ಹಣ ಕೊಟ್ಟು ನೋಡಿ, ಆ ಕತ್ತಲೆಯನ್ನು ಉಳಿಸುತ್ತಿರುವವರು ಅವರೇ. ನಿಮ್ಮ ಕಡೆಯಿಂದ 10x50 ಬೈನಾಕ್ಯುಲರ್ ಮತ್ತು ಮಲಗಿ ನೋಡಲು ದಪ್ಪ ಫೋಮ್ ಚಾಪೆ ಸಾಕು. ಚಳಿ ಹೆಚ್ಚು ಹತ್ತುವುದು ನೆಲದಿಂದ. ಬಿಗಿಯಾದ ಎರಡು ಜೊತೆ ಕಾಲುಚೀಲಕ್ಕಿಂತ ಸಡಿಲವಾದ ಒಂದು ಉಣ್ಣೆಯದು ಮೇಲು. ಬಿಗಿದರೆ ರಕ್ತ ಹರಿಯದೆ ಬೆರಳು ಮರಗಟ್ಟುತ್ತವೆ.

ಕ್ಯಾಮೆರಾ ಇದ್ದರೆ 14ರಿಂದ 24 ಎಂಎಂ ಲೆನ್ಸ್, ಎಫ್ 2.8, ಐಎಸ್ಒ 3200, 12ರಿಂದ 20 ಸೆಕೆಂಡ್. ಲೆನ್ಸಿನ ಇನ್ಫಿನಿಟಿ ಗುರುತನ್ನು ನಂಬಬೇಡಿ. ಲೈವ್ ವ್ಯೂನಲ್ಲಿ ಒಂದು ದೊಡ್ಡ ನಕ್ಷತ್ರವನ್ನು 10 ಪಟ್ಟು ಹಿಗ್ಗಿಸಿ, ಅದು ಅತಿ ಚಿಕ್ಕ ಚುಕ್ಕೆಯಾಗುವವರೆಗೆ ರಿಂಗ್ ತಿರುಗಿಸಿ, ಟೇಪ್ ಹಚ್ಚಿ. ಚಳಿ ಏರಿದಂತೆ ಫೋಕಸ್ ಜಾರುತ್ತದೆ, ಗಂಟೆಗೊಮ್ಮೆ ಮತ್ತೆ ನೋಡಿ. ಬ್ಯಾಟರಿ ಮೂರಾದರೂ ಇರಲಿ, ಬಳಸದವು ಒಳಜೇಬಿನಲ್ಲಿ. ಒಳಗೆ ಬರುವ ಮೊದಲು, ಹೊರಗೇ, ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಮುಚ್ಚಿ. ಎರಡು ಗಂಟೆ ತೆರೆಯಬೇಡಿ. ಇಲ್ಲದಿದ್ದರೆ ಕೋಣೆಯ ಬಿಸಿಗಾಳಿಯ ತೇವ ಲೆನ್ಸಿನ ಮೇಲೆ ಕೂರುತ್ತದೆ.

ಬೆಳಕಿನ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 30 ನಿಮಿಷ ಬೇಕು, ಒಂದು ಫೋನ್ ಸ್ಕ್ರೀನ್ ಅದನ್ನು ಅರೆಕ್ಷಣದಲ್ಲಿ ಕೆಡಿಸುತ್ತದೆ. ಮಂದ ಕೆಂಪು ಟಾರ್ಚ್ ಒಯ್ಯಿರಿ, ಬಿಳಿ ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಮಡಿಕೆ ಸುತ್ತಿದರೂ ಆಗುತ್ತದೆ. ಕತ್ತಲಾದ ಮೇಲೆ ಕಾರು ತೆಗೆಯಬೇಡಿ, ಕೋಣೆಯ ಪರದೆ ಎಳೆದಿರಲಿ. ಬೆಟ್ಟದ ಮೇಲೆ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಕೆಲಸ ಮಾಡುತ್ತಿರುತ್ತದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ಇನ್ನೊಬ್ಬರು: ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್‌ನಲ್ಲಿ ಹಾನ್ಲೆಯ ಸ್ಥಳವನ್ನು ಮೊದಲೇ ಕೂರಿಸಿ, ರಾತ್ರಿ ಮೋಡ್ ಹಾಕಿಡಿ. ಹಾನ್ಲೆಗೆ ಹೋಗುವ ಪರ್ಮಿಟ್ ಲೇಹ್‌ನಲ್ಲೇ ಮಾಡಿಸಿ, ನಾಲ್ಕೈದು ಜೆರಾಕ್ಸ್ ಜೊತೆಗಿರಲಿ. ನಗದು ಸಾಕಷ್ಟು ಇಟ್ಟುಕೊಳ್ಳಿ. ಗಾಡಿಯ ಟ್ಯಾಂಕ್ ಲೇಹ್‌ನಲ್ಲಿ ಅಥವಾ ದಾರಿಯ ‘ಕಾರು’ ಎಂಬ ಊರಿನಲ್ಲಿ ತುಂಬಿಸಿ.